ಕಾಂಕ್ರೀಟ್ ಸುರಿಯುವ ಮುನ್ನ

ಆಸ್ಟ್ರಿಯಾದಲ್ಲಿ ಡ್ಯಾನ್ಯೂಬ್ ನದಿಯ ದಂಡೆಗೆ ತ್ಸ್ವೆಂಟೆನ್‌ಡಾರ್ಫ್ ಎಂಬ ಊರಿದೆ. ಅಲ್ಲೊಂದು ಅಣು ವಿದ್ಯುತ್ ಸ್ಥಾವರ ಪೂರ್ತಿ ಕಟ್ಟಿ ನಿಂತಿದೆ. ರಿಯಾಕ್ಟರ್ ಇದೆ, ಟರ್ಬೈನ್ ಇದೆ, ಕಂಟ್ರೋಲ್ ರೂಮಿನಲ್ಲಿ ಸ್ವಿಚ್ಚುಗಳ ಸಾಲಿದೆ. ಸಾಮರ್ಥ್ಯ ಸುಮಾರು 700 ಮೆಗಾವ್ಯಾಟ್. ಆದರೆ ಆ ರಿಯಾಕ್ಟರಿನಿಂದ ಈವರೆಗೆ ಒಂದು ಯೂನಿಟ್ ಕರೆಂಟೂ ಹೊರಬಂದಿಲ್ಲ. 1972ರಲ್ಲಿ ಕೆಲಸ ಶುರುವಾಗಿತ್ತು. ಕಟ್ಟಡ ಮುಗಿದು ಇನ್ನೇನು ಚಾಲೂ ಮಾಡಬೇಕು ಎನ್ನುವಾಗ, 1978ರ ನವೆಂಬರ್ 5ರಂದು, ಸರ್ಕಾರ ಜನಮತಗಣನೆ ನಡೆಸಿತು. ಶೇ. 50.47 ಮಂದಿ ಬೇಡ ಎಂದರು. ಸುಮಾರು 32 ಲಕ್ಷ ಮತಗಳಲ್ಲಿ ಅಂತರ ಮೂವತ್ತು ಸಾವಿರಕ್ಕಿಂತಲೂ ಕಡಿಮೆ. ಸರ್ಕಾರದ ಮುಖ್ಯಸ್ಥರಾದ ಚಾನ್ಸಲರ್ ಬ್ರೂನೋ ಕ್ರೈಸ್ಕಿ ಸೋತರೆ ರಾಜೀನಾಮೆ ಎಂಬ ಮಾತನ್ನೂ ಆಡಿಬಿಟ್ಟಿದ್ದರಿಂದ, ಅಣುಶಕ್ತಿಯ ಬಗ್ಗೆ ತಕರಾರಿಲ್ಲದೆ ಬರೀ ಅವರ ಮೇಲಿನ ಸಿಟ್ಟಿಗೆ ಬೇಡ ಎಂದವರೂ ಇದ್ದರು. ಸರ್ಕಾರ ಜನರ ಮಾತಿಗೆ ತಲೆಬಾಗಿತು. ಡಿಸೆಂಬರಿನಲ್ಲೇ ಅಣು ವಿದ್ಯುತ್ತನ್ನು ನಿಷೇಧಿಸುವ ಕಾನೂನು ಬಂತು.

ಇದನ್ನು ಪ್ರಜಾಪ್ರಭುತ್ವದ ಗೆಲುವು ಎಂದು ಹೇಳುವವರಿದ್ದಾರೆ. ನನಗೆ ಪೂರ್ತಿ ಹಾಗನ್ನಿಸುವುದಿಲ್ಲ. ಅಣು ವಿದ್ಯುತ್ ಬೇಕೋ ಬೇಡವೋ ಎಂಬ ವಾದಕ್ಕೆ ಇವತ್ತು ನಾನು ಇಳಿಯುವುದಿಲ್ಲ. ನನ್ನ ತಕರಾರು ಪ್ರಶ್ನೆ ಕೇಳಿದ ಹೊತ್ತಿನ ಬಗ್ಗೆ. ಆರು ವರ್ಷ ಕಟ್ಟಿ, ದುಡ್ಡೆಲ್ಲ ಸುರಿದ ಮೇಲೆ ಜನರ ಮುಂದೆ ಉಳಿದದ್ದು ಎರಡೇ ದಾರಿ: ಬೇಡವಾದದ್ದನ್ನು ಒಪ್ಪಿಕೊಳ್ಳುವುದು, ಇಲ್ಲವೇ ಕಟ್ಟಿದ್ದನ್ನು ಹಾಳುಬಿಡುವುದು. ಮುಂದೆ ಏನಾಯಿತು ನೋಡಿ. ಪಕ್ಕದ ಡ್ಯೂರ್ನ್‌ರೋರ್‌ನಲ್ಲಿ ಕಲ್ಲಿದ್ದಲಿನ ಉಷ್ಣ ಸ್ಥಾವರ ಎದ್ದಿತು. ಅಣು ಸ್ಥಾವರಕ್ಕೆಂದು ಎಳೆದಿದ್ದ ವಿದ್ಯುತ್ ಮಾರ್ಗವೇ ಅದಕ್ಕೂ ಒದಗಿತು. 2019ರವರೆಗೆ ಅಲ್ಲಿ ಕಲ್ಲಿದ್ದಲು ಉರಿಯಿತು. ಕಲ್ಲಿದ್ದಲು ಬೇಕೇ ಎಂದು ಆ ಮತಪತ್ರದಲ್ಲಿ ಯಾರೂ ಕೇಳಿರಲಿಲ್ಲ.

ಯುರೋಪಿನ ದೇಶಗಳು 1998ರಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. 2001ರಲ್ಲಿ ಅದು ಜಾರಿಗೆ ಬಂತು. ಪರಿಸರದ ಮಾಹಿತಿ ಪಡೆಯುವುದು, ನಿರ್ಧಾರದಲ್ಲಿ ಪಾಲ್ಗೊಳ್ಳುವುದು, ಅನ್ಯಾಯವಾದರೆ ನ್ಯಾಯಾಲಯಕ್ಕೆ ಹೋಗುವುದು – ಈ ಮೂರೂ ಜನರ ಹಕ್ಕು ಎನ್ನುತ್ತದೆ ಅದು. ಅದರ 6ನೇ ವಿಧಿಯ 4ನೇ ಕಲಮು ನನಗೆ ಎಲ್ಲಕ್ಕಿಂತ ಮುಖ್ಯ: ಎಲ್ಲ ಆಯ್ಕೆಗಳೂ ತೆರೆದಿರುವಾಗಲೇ ಜನರನ್ನು ಕೇಳಬೇಕು. ನಾನಿವತ್ತು ಹೇಳಹೊರಟಿರುವುದು ಈ ಒಂದು ಕಲಮಿನ ವಿಸ್ತಾರವೇ. ಉಷ್ಣ ಸ್ಥಾವರದ ಆಯುಷ್ಯ ನಲವತ್ತು ವರ್ಷ, ಅಣೆಕಟ್ಟಿನದು ನೂರು. ಅದನ್ನು ಮಂಜೂರು ಮಾಡುವ ಸರ್ಕಾರದ ಅವಧಿ ನಾಲ್ಕೋ ಐದೋ ವರ್ಷ. ಮುಂದಿನ ಚುನಾವಣೆಯಲ್ಲಿ ಸರ್ಕಾರವನ್ನು ಇಳಿಸಬಹುದು, ಸ್ಥಾವರವನ್ನು ಇಳಿಸಲಾಗದು.

ಆಯ್ಕೆ ತೆರೆದಿರುವಾಗ ಕೇಳಿದರೂ, ಏನು ಕೇಳಬೇಕೆಂದು ಜನರಿಗೆ ಗೊತ್ತಿರಬೇಕಲ್ಲ. ಅದಕ್ಕೆ ಒಂದಿಷ್ಟು ಲೆಕ್ಕ ಬೇಕು. ಗಾಬರಿಯಾಗಬೇಡಿ, ಗುಣಾಕಾರ ಭಾಗಾಕಾರ ಬಂದರೆ ಸಾಕು.

ರಾಜಕಾರಣಿ ವೇದಿಕೆಯ ಮೇಲೆ ಹೇಳುವುದು ಯಾವಾಗಲೂ ಮೆಗಾವ್ಯಾಟ್. ಅದು ಸಾಮರ್ಥ್ಯ, ಅಂದರೆ ನಲ್ಲಿಯ ಬಾಯಿ ಎಷ್ಟು ದೊಡ್ಡದು ಎಂಬುದು. ನಮಗೆ ಬೇಕಾದದ್ದು ಯೂನಿಟ್, ಅಂದರೆ ಕೊಡಕ್ಕೆ ಬಿದ್ದ ನೀರು. ವರ್ಷಕ್ಕೆ 8,760 ಗಂಟೆ. 1,000 ಮೆಗಾವ್ಯಾಟಿನ ಸ್ಥಾವರ ಒಂದು ಕ್ಷಣವೂ ನಿಲ್ಲದೆ ಓಡಿದರೆ 876 ಕೋಟಿ ಯೂನಿಟ್ ಬರಬೇಕು. ಹಾಗೆ ಓಡುವ ಸ್ಥಾವರ ಜಗತ್ತಿನಲ್ಲಿಲ್ಲ. ಚೆನ್ನಾಗಿ ನಡೆಯುವ ಅಣು ಸ್ಥಾವರ ಅದರ ಶೇ. 85ರಷ್ಟು ಕೊಡುತ್ತದೆ ಎನ್ನೋಣ, 745 ಕೋಟಿ. ಒಳ್ಳೆಯ ಗಾಳಿಯ ಜಾಗದಲ್ಲಿ ನೆಲದ ಮೇಲಿನ ಗಾಳಿಯಂತ್ರಗಳು ಶೇ. 30, ಅಂದರೆ 263 ಕೋಟಿ. ಬಿಸಿಲಿನ ನಾಡಿನ ಸೌರ ಸ್ಥಾವರ ಶೇ. 22, ಅಂದರೆ 193 ಕೋಟಿ. ಆದ್ದರಿಂದ 1,000 ಮೆಗಾವ್ಯಾಟ್ ಅಣು ಸ್ಥಾವರದ ಬದಲು 1,000 ಮೆಗಾವ್ಯಾಟ್ ಸೌರ ಎಂದು ಯಾರಾದರೂ ಹೇಳಿದರೆ ಅವರು ಮೂರು ಪಾಲನ್ನು ಬಿಟ್ಟು ಒಂದು ಪಾಲಿನ ಲೆಕ್ಕ ಕೊಡುತ್ತಿದ್ದಾರೆ. ಇದರಿಂದ ಸೌರ ವಿದ್ಯುತ್ ಕಳಪೆ ಎಂದಾಗುವುದಿಲ್ಲ. ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ 2014ರಲ್ಲಿ ಕೊಟ್ಟ ಮಧ್ಯಮ ಅಂದಾಜಿನಂತೆ, ಗಣಿಯಿಂದ ಗುಜರಿಯವರೆಗೆ ಎಲ್ಲ ಸೇರಿಸಿದರೆ, ಒಂದು ಯೂನಿಟ್ಟಿಗೆ ಕಲ್ಲಿದ್ದಲು 820 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಬಿಡುತ್ತದೆ, ನೈಸರ್ಗಿಕ ಅನಿಲ 490, ದೊಡ್ಡ ಸೌರ ಸ್ಥಾವರ 48, ಅಣು 12, ಗಾಳಿ 11. ಕಲ್ಲಿದ್ದಲಿನ ಪಕ್ಕದಲ್ಲಿಟ್ಟರೆ ಸೌರ, ಅಣು, ಗಾಳಿ ಈ ಮೂರರ ನಡುವಿನ ಜಗಳ ಬಹಳ ಸಣ್ಣದು. ಆದರೂ ಚರ್ಚೆಯ ಮುಕ್ಕಾಲು ಪಾಲು ಆ ಸಣ್ಣ ಜಗಳಕ್ಕೇ ಹೋಗುತ್ತದೆ.

ಸೌರದ ನಿಜವಾದ ತೊಡಕು ಹೊತ್ತಿನದು. ಮಧ್ಯಾಹ್ನ ಕರೆಂಟು ಹೆಚ್ಚಾಗಿ ಉಳಿಯುತ್ತದೆ, ದೀಪ ಹಚ್ಚುವ ಹೊತ್ತಿಗೆ ಸೂರ್ಯನಿರುವುದಿಲ್ಲ. ಹಾಗಾಗಿ ಕೂಡಿಡಬೇಕು. ಬ್ಯಾಟರಿ ಒಂದು ದಾರಿ. ಹಳೆಯ ದಾರಿ ಇನ್ನೊಂದಿದೆ: ಮಧ್ಯಾಹ್ನ ನೀರನ್ನು ಗುಡ್ಡದ ಮೇಲಿನ ಕೊಳಕ್ಕೆ ಪಂಪ್ ಮಾಡಿ, ಸಂಜೆ ಕೆಳಕ್ಕೆ ಬಿಟ್ಟು ಟರ್ಬೈನ್ ತಿರುಗಿಸುವುದು. ಇದರ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಪರಿಸರದ ಪ್ರಶ್ನೆ ಅಡಗಿರುವುದು ಇಲ್ಲೇ. ಒಂದು ಘನ ಮೀಟರ್ ನೀರು, ಅಂದರೆ ಒಂದು ಟನ್, 367 ಮೀಟರ್ ಎತ್ತರದಿಂದ ಬಿದ್ದರೆ ಅದರಲ್ಲಿರುವ ಶಕ್ತಿ ಸರಿಯಾಗಿ ಒಂದು ಯೂನಿಟ್. ಗುಡ್ಡ 300 ಮೀಟರ್ ಎತ್ತರವಿದ್ದು ಟರ್ಬೈನು, ಕೊಳವೆಯಲ್ಲಿ ಶೇ. 10 ನಷ್ಟವಾದರೆ ಕೈಗೆ ಸಿಗುವುದು ಮುಕ್ಕಾಲು ಯೂನಿಟ್ಟಿಗಿಂತ ಒಂದಿಷ್ಟು ಕಡಿಮೆ. ಸಂಜೆಯಿಂದ ಆರು ಗಂಟೆ ಕಾಲ 1,000 ಮೆಗಾವ್ಯಾಟ್ ಕೊಡಬೇಕೆಂದರೆ 60 ಲಕ್ಷ ಯೂನಿಟ್ ಬೇಕು. ಅದಕ್ಕೆ ಸುಮಾರು 82 ಲಕ್ಷ ಘನ ಮೀಟರ್ ನೀರು. ಕೊಳದ ನೀರಿನ ಮಟ್ಟ ದಿನಕ್ಕೆ 20 ಮೀಟರ್ ಏರಿಳಿಯುತ್ತದೆ ಎಂದಿಟ್ಟುಕೊಂಡರೆ ಮೇಲೆ ನೂರು ಎಕರೆ, ಕೆಳಗೆ ನೂರು ಎಕರೆ ಕೊಳ. ಹಾಕಿದ ನಾಲ್ಕು ಯೂನಿಟ್ಟಿನಲ್ಲಿ ಮರಳಿ ಸಿಗುವುದು ಮೂರು.

ಇನ್ನೂರು ಎಕರೆ ಎಂದರೆ ಅಷ್ಟೇನೂ ಅಲ್ಲ ಅನ್ನಿಸಬಹುದು. ಯೋಜನೆಯವರೂ ಹಾಗೆಯೇ ಹೇಳುತ್ತಾರೆ. ಆದರೆ ಗುಡ್ಡದ ತುದಿಗೆ ರಸ್ತೆ ಬೇಕು. ಸುರಂಗ ಕೊರೆದು ತೆಗೆದ ಕಲ್ಲುಮಣ್ಣನ್ನು ಎಲ್ಲಾದರೂ ಸುರಿಯಬೇಕು. ಕರೆಂಟು ಸಾಗಿಸಲು ಕಾಡಿನ ನಡುವೆ ಹೈಟೆನ್ಷನ್ ಮಾರ್ಗ ಬೇಕು, ಅದರ ಕೆಳಗಿನ ಮರಗಳನ್ನು ಪ್ರತಿವರ್ಷ ಸವರುತ್ತಲೇ ಇರಬೇಕು. ನೀರು ದಿನಕ್ಕೆ ಇಪ್ಪತ್ತು ಮೀಟರ್ ಏರಿಳಿಯುವ ದಡದಲ್ಲಿ ಹುಲ್ಲೂ ಹುಟ್ಟುವುದಿಲ್ಲ, ಮೀನೂ ಮೊಟ್ಟೆಯಿಡುವುದಿಲ್ಲ. ಇಷ್ಟಾದರೂ, ಹರಿಯುವ ನದಿಗೆ ಅಡ್ಡಗಟ್ಟದೆ ಎರಡು ಕೊಳಗಳ ನಡುವೆಯೇ ನೀರು ಸುತ್ತಿಸುವುದಾದರೆ, ಮತ್ತು ಈಗಾಗಲೇ ಹಾಳಾದ ಗಣಿಗುಂಡಿಯೊಂದನ್ನು ಕೆಳಗಿನ ಕೊಳ ಮಾಡಿಕೊಳ್ಳುವುದಾದರೆ, ನಾನು ಅದಕ್ಕೆ ಕೈಯೆತ್ತುತ್ತೇನೆ. ಕಾಡಿನ ಹೊಳೆಗೆ ಕಟ್ಟೆ ಕಟ್ಟುವುದಾದರೆ ಎತ್ತುವುದಿಲ್ಲ. ಒಂದೇ ತಂತ್ರಜ್ಞಾನ, ಜಾಗ ಬೇರೆಯಾದರೆ ಉತ್ತರವೂ ಬೇರೆ. ಪರಿಸರವಾದಿಗಳಾದ ನಾವು ಇದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಇನ್ನು ಮುಂದೆ ಹೇಳಬೇಕು.

ವಿದ್ಯುತ್ ಜಾಲದ ಬಗ್ಗೆ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಜಾಲ ತನ್ನೊಳಗೆ ಕರೆಂಟನ್ನು ಕೂಡಿಟ್ಟುಕೊಳ್ಳುವುದಿಲ್ಲ. ಈ ಕ್ಷಣ ಎಷ್ಟು ಬಳಕೆಯೋ ಈ ಕ್ಷಣವೇ ಅಷ್ಟು ಉತ್ಪಾದನೆಯಾಗಬೇಕು. ತಕ್ಕಡಿ ಸಮವಾಗಿದೆಯೋ ಇಲ್ಲವೋ ಎಂದು ತೋರಿಸುವ ಮುಳ್ಳು ಆವರ್ತನ, ಅಂದರೆ ಕರೆಂಟು ಹಿಂದೆಮುಂದೆ ತೂಗುವ ವೇಗ: ಬಹುತೇಕ ದೇಶಗಳಲ್ಲಿ ಸೆಕೆಂಡಿಗೆ 50 ಸಲ, ಅಮೆರಿಕದಲ್ಲಿ 60. ಬಳಕೆ ಹೆಚ್ಚಿ ಉತ್ಪಾದನೆ ಕುಸಿದರೆ ಮುಳ್ಳು ಕೆಳಗಿಳಿಯುತ್ತದೆ. ತೀರ ಇಳಿದರೆ ಸ್ಥಾವರಗಳು ತಮ್ಮ ಯಂತ್ರಗಳನ್ನು ಉಳಿಸಿಕೊಳ್ಳಲು ತಾವೇ ಜಾಲದಿಂದ ಕಳಚಿಕೊಳ್ಳುತ್ತವೆ. ಒಂದು ಕಳಚಿದರೆ ಉಳಿದವಕ್ಕೆ ಭಾರ ಹೆಚ್ಚು, ಅವೂ ಕಳಚುತ್ತವೆ.

2021ರ ಫೆಬ್ರವರಿ 15ರ ನಡುರಾತ್ರಿ ಕಳೆದ ಮೇಲೆ ಟೆಕ್ಸಸ್‌ನಲ್ಲಿ ಆ ಮುಳ್ಳು 59.3ಕ್ಕೆ ಇಳಿಯಿತು. 59.4ಕ್ಕಿಂತ ಕೆಳಗೆ ಒಂಬತ್ತು ನಿಮಿಷ ನಿಂತರೆ ಸ್ಥಾವರಗಳು ಕಳಚಿಕೊಳ್ಳಬಹುದಿತ್ತು. ಅದು ಕೆಳಗೆ ನಿಂತದ್ದು 4 ನಿಮಿಷ 23 ಸೆಕೆಂಡ್. ಉಳಿದಿದ್ದದ್ದು 4 ನಿಮಿಷ 37 ಸೆಕೆಂಡ್. ಅಷ್ಟರಲ್ಲಿ ಲಕ್ಷಗಟ್ಟಲೆ ಮನೆಗಳ ಕರೆಂಟು ಕಿತ್ತು ಜಾಲವನ್ನು ಉಳಿಸಿದರು. ಹೊರಗೆ ಹೆಪ್ಪುಗಟ್ಟುವ ಚಳಿ, ಮನೆಯೊಳಗೆ ಹೀಟರ್ ಇಲ್ಲ. ರಾಜ್ಯದ ಅಧಿಕೃತ ಲೆಕ್ಕದಲ್ಲೇ 246 ಮಂದಿ ಸತ್ತರು.

ಗಾಳಿಯಂತ್ರಗಳು ಹೆಪ್ಪುಗಟ್ಟಿದ್ದರಿಂದ ಹೀಗಾಯಿತು ಎಂದು ಕೆಲವು ರಾಜಕಾರಣಿಗಳು ಅವತ್ತೇ ಟಿವಿಯಲ್ಲಿ ಹೇಳಿದರು. ಗಾಳಿಯಂತ್ರಗಳೂ ಹೆಪ್ಪುಗಟ್ಟಿದ್ದು ನಿಜ. ಆದರೆ ದೊಡ್ಡ ಪಾಲು ಕೈಕೊಟ್ಟದ್ದು ನೈಸರ್ಗಿಕ ಅನಿಲ. ಅನಿಲದ ಬಾವಿಗಳ ಬಾಯಿಯಲ್ಲಿ ನೀರು ಹೆಪ್ಪುಗಟ್ಟಿತು. ಸ್ಥಾವರಗಳಲ್ಲಿ ಒತ್ತಡ ಅಳೆಯುವ ಸಣ್ಣ ಕೊಳವೆಗಳಿರುತ್ತವೆ, ಬೆರಳಿನಷ್ಟು ದಪ್ಪದವು. ಅವುಗಳಲ್ಲಿನ ನೀರು ಗಟ್ಟಿಯಾದರೆ ಯಂತ್ರಕ್ಕೆ ತಪ್ಪು ಅಳತೆ ಹೋಗಿ ಇಡೀ ಘಟಕ ನಿಲ್ಲುತ್ತದೆ. ಇನ್ನೊಂದು ಎಡವಟ್ಟು ಇದಕ್ಕಿಂತ ನೋವಿನದು. ಅನಿಲವನ್ನು ತಳ್ಳುವ ಕಂಪ್ರೆಸರುಗಳಲ್ಲಿ ಹಲವು ನಡೆಯುತ್ತಿದ್ದದ್ದು ಕರೆಂಟಿನಿಂದ. ಇವು ಅತ್ಯಗತ್ಯ, ಇಲ್ಲಿ ಕರೆಂಟು ತೆಗೆಯಬಾರದು ಎಂದು ಅವುಗಳ ಮಾಲೀಕರು ಅರ್ಜಿ ತುಂಬಿಸಿ ಪಟ್ಟಿಗೆ ಸೇರಿಸಿರಲಿಲ್ಲ. ಲೋಡ್ ಶೆಡ್ಡಿಂಗ್ ಮಾಡುವಾಗ ಅಲ್ಲಿಯೂ ಕರೆಂಟು ಹೋಯಿತು. ಕರೆಂಟಿಲ್ಲದೆ ಅನಿಲವಿಲ್ಲ, ಅನಿಲವಿಲ್ಲದೆ ಕರೆಂಟಿಲ್ಲ.

ಇದ್ಯಾವುದೂ ಯಾರಿಗೂ ಗೊತ್ತಿರದ ಅಪಾಯವಾಗಿರಲಿಲ್ಲ. 2011ರ ಫೆಬ್ರವರಿಯಲ್ಲೂ ಅಲ್ಲಿ ಚಳಿಗೆ ಸ್ಥಾವರಗಳು ನಿಂತಿದ್ದವು. ಅದೇ ವರ್ಷ ಒಕ್ಕೂಟ ಮಟ್ಟದ ನಿಯಂತ್ರಣ ಸಂಸ್ಥೆಗಳು ವರದಿ ಕೊಟ್ಟು ಕೊಳವೆಗೆ ಕಂಬಳಿ ಸುತ್ತಿ, ಬಿಸಿ ತಂತಿ ಕಟ್ಟಿ, ಗಾಳಿತಡೆ ನಿಲ್ಲಿಸಿ ಎಂದಿದ್ದವು. ಕಡ್ಡಾಯ ಎನ್ನಲಿಲ್ಲ, ಶಿಫಾರಸು ಎಂದಿದ್ದವು. ಚಳಿಗಾಲದ ಸಿದ್ಧತೆಗೆ ಖರ್ಚು ಮಾಡಿದ ಸ್ಥಾವರದ ಕರೆಂಟು ಮಾರುಕಟ್ಟೆಯಲ್ಲಿ ಖರ್ಚು ಮಾಡದವನದಕ್ಕಿಂತ ದುಬಾರಿಯಾಗುತ್ತದೆ. ಎಲ್ಲರಿಗೂ ಒಂದೇ ನಿಯಮವಿಲ್ಲದಿದ್ದರೆ ಒಳ್ಳೆಯವನೇ ಸೋಲುತ್ತಾನೆ. ಕಡ್ಡಾಯ ಕಾನೂನು ಬಂದದ್ದು 2021ರ ಸಾವುಗಳ ನಂತರ. ಶಾಸನಸಭೆ ಇರುವುದು ಇಂಥ ನಿಯಮಕ್ಕಾಗಿ ಎಂದು ನಾನು ನಂಬುತ್ತೇನೆ. ಬೆರಳಿನ ದಪ್ಪದ ಕೊಳವೆಗೆ ಕಂಬಳಿ ಸುತ್ತಿಸುವ ನಿಯಮದಿಂದ ಯಾರಿಗೂ ಮತ ಬರುವುದಿಲ್ಲ. ಹೊಸ ಸ್ಥಾವರದ ಶಿಲಾನ್ಯಾಸದಿಂದ ಬರುತ್ತದೆ. ಆದ್ದರಿಂದ ಹಳೆಯ ವರದಿಯ ಶಿಫಾರಸುಗಳಲ್ಲಿ ಎಷ್ಟು ಜಾರಿಯಾಗಿವೆ ಎಂದು ವರ್ಷವರ್ಷವೂ ಕೇಳುವ ಕೆಲಸ ನಾಗರಿಕರ ಪಾಲಿಗೆ ಬರುತ್ತದೆ.

ಇನ್ನು ಸಾರ್ವಜನಿಕ ಅಹವಾಲು ಸಭೆ. ಬಹುತೇಕ ದೇಶಗಳಲ್ಲಿ ದೊಡ್ಡ ಯೋಜನೆಗೆ ಪರಿಸರ ಪರಿಣಾಮದ ವರದಿ ಮಾಡಬೇಕು, ಜನರ ಅಹವಾಲು ಕೇಳಬೇಕು. ವರದಿ ನೂರಾರು ಪುಟ ಇರುತ್ತದೆ. ಮೊದಲ ಪುಟದಿಂದ ಓದಲು ಹೋದರೆ ಸುಸ್ತಾಗುತ್ತದೆ. ಮೊದಲು ಪರ್ಯಾಯಗಳ ಅಧ್ಯಾಯ ತೆರೆಯಿರಿ. ಬೇರೆ ಜಾಗ, ಬೇರೆ ಗಾತ್ರ, ಯೋಜನೆಯೇ ಇಲ್ಲದಿದ್ದರೆ ಏನು – ಈ ಮೂರನ್ನೂ ಅಂಕಿಗಳೊಡನೆ ಹೋಲಿಸಿದ್ದಾರೆಯೇ? ಎರಡು ಪ್ಯಾರಾದಲ್ಲಿ ಮುಗಿಸಿದ್ದರೆ ಜಾಗ ಮೊದಲೇ ಗೊತ್ತುಮಾಡಿ ವರದಿ ಆಮೇಲೆ ಬರೆಸಿದ್ದಾರೆ ಎಂದರ್ಥ. ಆಮೇಲೆ ನೀರು, ಗಾಳಿ, ಪ್ರಾಣಿಪಕ್ಷಿಗಳ ಸಮೀಕ್ಷೆಯ ತಾರೀಖು ನೋಡಿ. ಒಂದೇ ಋತುವಿನಲ್ಲಿ ಮಾಡಿದ ಸಮೀಕ್ಷೆಯಲ್ಲಿ ವಲಸೆ ಹಕ್ಕಿ, ಮಳೆಗಾಲದ ಕಪ್ಪೆ, ಬೇಸಿಗೆಯ ಬತ್ತಿದ ಹೊಳೆ ಕಾಣಿಸುವುದೇ ಇಲ್ಲ. ವಿದ್ಯುತ್ ಮಾರ್ಗ, ರಸ್ತೆ, ಕಲ್ಲುಗಣಿ ಇವುಗಳನ್ನು ಬೇರೆ ಬೇರೆ ಯೋಜನೆ ಎಂದು ಒಡೆದಿದ್ದಾರೆಯೇ ನೋಡಿ. ಒಂದೊಂದೇ ಸಣ್ಣದಾಗಿ ಕಾಣಲಿ ಎಂದು ಮಾಡುವ ಹಳೆಯ ಉಪಾಯ ಅದು. ಅದೇ ಕಣಿವೆಯ ಉಳಿದ ಯೋಜನೆಗಳ ಒಟ್ಟು ಹೊರೆಯನ್ನು ಕೂಡಿಸಿದ್ದಾರೆಯೇ ಎಂಬುದು ಅದರ ಬೆನ್ನಿಗೇ ಕೇಳಬೇಕಾದ ಪ್ರಶ್ನೆ.

ಕೇಳುವಾಗ ಬರವಣಿಗೆಯಲ್ಲಿ ಕೇಳಿ, ಪುಟ ಸಂಖ್ಯೆ ಹಾಕಿ. ಭಾಷಣ ಮಾಡಿ ಬಂದರೆ ನಡಾವಳಿಯಲ್ಲಿ "ಸಾರ್ವಜನಿಕರು ಕಳವಳ ವ್ಯಕ್ತಪಡಿಸಿದರು" ಎಂಬ ಒಂದೇ ಸಾಲು ಉಳಿಯುತ್ತದೆ. "ಇಂಥ ಪುಟದ ಇಂಥ ಕೋಷ್ಟಕದಲ್ಲಿ ಬೇಸಿಗೆಯ ಹರಿವಿನ ಅಳತೆ ಇಲ್ಲ, ಕೊಡಿ" ಎಂದು ಬರೆದುಕೊಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ. ಕೊಡದಿದ್ದರೆ ನ್ಯಾಯಾಲಯದಲ್ಲಿ ಅದೇ ಸಾಕ್ಷಿ. ವಿದ್ಯುತ್ ಖರೀದಿ ಒಪ್ಪಂದವನ್ನೂ ಕೇಳಿ. ಕರೆಂಟು ತೆಗೆದುಕೊಳ್ಳಲಿ ಬಿಡಲಿ ನಿಗದಿತ ಶುಲ್ಕ ಕಟ್ಟಬೇಕು ಎಂಬ ಷರತ್ತು ಅದರಲ್ಲಿ ಇಪ್ಪತ್ತೈದು ವರ್ಷಕ್ಕೆ ಇದ್ದುಬಿಟ್ಟರೆ, ಮುಂದೆ ಅಗ್ಗದ ಕರೆಂಟು ಬಂದು ಆ ಸ್ಥಾವರ ಶೇ. 85ರ ಬದಲು ಶೇ. 40 ಮಾತ್ರ ಓಡಿದಾಗ ಪ್ರತಿ ಯೂನಿಟ್ಟಿನ ಮೇಲೆ ಬೀಳುವ ಆ ಶುಲ್ಕ ಎರಡು ಪಟ್ಟಿಗೂ ಮಿಕ್ಕಿ ಹೋಗುತ್ತದೆ. ಆಗ ಬಿಲ್ಲು ನೋಡಿ ಕೂಗಿದರೆ ಪ್ರಯೋಜನವಿಲ್ಲ. ಸಹಿ ಎಂದೋ ಬಿದ್ದಿರುತ್ತದೆ.

ಸರಿಯಾದ ಹೊತ್ತಿಗೆ ಕೇಳಿದರೆ ಏನಾಗುತ್ತದೆ ಎನ್ನಲು ಕೋಪನ್‌ಹೇಗನ್ನಿನ ಎದುರಿನ ಮಿಡೆಲ್‌ಗ್ರುಂಡೆನ್ ಇದೆ. ಮೊದಲ ಯೋಜನೆ ಕಡಲಿನಲ್ಲಿ ಮೂರು ಸಾಲುಗಳಲ್ಲಿ 27 ಗಾಳಿಯಂತ್ರ. ನಗರದ ನೋಟ ಕೆಡುತ್ತದೆ ಎಂದು ಅಹವಾಲಿನಲ್ಲಿ ತಕರಾರು ಬಂತು. ನಿರ್ಮಾಣ ಶುರುವಾಗಿರಲಿಲ್ಲವಾದ್ದರಿಂದ ನಕ್ಷೆ ಬದಲಿಸಲು ಸಾಧ್ಯವಾಯಿತು: ಒಂದೇ ಬಾಗಿದ ಸಾಲು, ತಲಾ 2 ಮೆಗಾವ್ಯಾಟಿನ 20 ಯಂತ್ರ. 2000ದಲ್ಲಿ ಅವು ತಿರುಗತೊಡಗಿದವು. ಆಗ ಅರ್ಧ ಪಾಲು ನಗರದ ವಿದ್ಯುತ್ ಸಂಸ್ಥೆಯದಾಗಿತ್ತು, ಇನ್ನರ್ಧ ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘದ್ದು. ಒಂದು ಷೇರು ವರ್ಷಕ್ಕೆ ಸುಮಾರು ಸಾವಿರ ಯೂನಿಟ್ ಉತ್ಪಾದನೆಗೆ ಸಮ. ಕಿಟಕಿಯಿಂದ ಕಾಣುವ ಯಂತ್ರದಲ್ಲಿ ತನ್ನದೂ ಒಂದು ಪಾಲಿದ್ದರೆ ಅದನ್ನು ನೋಡುವ ಕಣ್ಣೇ ಬೇರೆ.

ದುಡ್ಡಿನ ವಿಷಯದಲ್ಲೂ ಜನ ಹೀಗೆಯೇ. ಸ್ವಿಟ್ಜರ್ಲೆಂಡಿನ ಜನ 2021ರ ಜೂನ್‌ನಲ್ಲಿ ಇಂಧನ, ವಿಮಾನ ಟಿಕೆಟ್ ದುಬಾರಿ ಮಾಡುವ ಇಂಗಾಲ ಕಾನೂನನ್ನು ಶೇ. 51.6 ಮತದಿಂದ ತಳ್ಳಿಹಾಕಿದರು. ಅದೇ ಜನ 2023ರ ಜೂನ್‌ನಲ್ಲಿ, ಹೊಸ ತೆರಿಗೆ ಹಾಕದೆ ಹಳೆಯ ಎಣ್ಣೆ ಹೀಟರ್ ಬದಲಿಸಲು ನೆರವು ಕೊಡುವ ಹವಾಮಾನ ಕಾನೂನಿಗೆ ಶೇ. 59.1 ಮತ ಕೊಟ್ಟರು. ಜನರಿಗೆ ಪರಿಸರ ಬೇಡ ಎಂದು ಮೊದಲ ಮತದ ನಂತರ ಬರೆದವರು ಅವಸರಪಟ್ಟರು. ತೆರಿಗೆ ಹಾಕಲೇಬಾರದು ಎಂದಲ್ಲ. ಬಂದ ಹಣ ಯಾರ ಕೈಗೆ ಮರಳುತ್ತದೆ ಎಂದು ಮಸೂದೆಯ ಮೊದಲ ಪುಟದಲ್ಲೇ ಬರೆಯಬೇಕು ಎನ್ನುತ್ತೇನೆ.

ಕೊನೆಯದಾಗಿ, ವರದಿಗಳಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಅಂಕಿ. ಮುಂದೆ ಎಂದೋ ಆಗುವ ನಷ್ಟವನ್ನು ಇಂದಿನ ಬೆಲೆಗೆ ಇಳಿಸುವಾಗ ಒಂದು ಬಡ್ಡಿದರ ಹಿಡಿಯುತ್ತಾರೆ. ಐವತ್ತು ವರ್ಷದ ನಂತರ ಗಣಿಯನ್ನು ಮುಚ್ಚಿ ನೀರು ಶುದ್ಧ ಮಾಡಲು 100 ಕೋಟಿ ಬೇಕೆಂದುಕೊಳ್ಳಿ. ಶೇ. 7ರ ದರ ಹಿಡಿದರೆ ಇಂದಿನ ಲೆಕ್ಕಪತ್ರದಲ್ಲಿ ಅದು 3 ಕೋಟಿ 39 ಲಕ್ಷ. ಶೇ. 2 ಹಿಡಿದರೆ 37 ಕೋಟಿ. ಯೋಜನೆ ಲಾಭವೋ ನಷ್ಟವೋ ಎಂಬುದು ಈ ಒಂದು ಅಂಕಿಯಲ್ಲಿ ತಲೆಕೆಳಗಾಗಬಹುದು. ದರ ಎಷ್ಟಿರಬೇಕು ಎಂಬುದು ಇನ್ನೂ ಹುಟ್ಟದವರ ಕಷ್ಟಕ್ಕೆ ನಾವು ಎಷ್ಟು ಬೆಲೆ ಕಟ್ಟುತ್ತೇವೆ ಎಂಬ ಪ್ರಶ್ನೆ. ಅದನ್ನು ಲೆಕ್ಕಿಗರ ಕೈಗೆ ಬಿಡಬಾರದು, ಶಾಸನಸಭೆಯಲ್ಲಿ ಚರ್ಚಿಸಿ ನಿಗದಿ ಮಾಡಬೇಕು. ಮುಚ್ಚುವ ಹಣವನ್ನು ಮೊದಲ ದಿನದಿಂದಲೇ ಬೇರೆ ಖಾತೆಯಲ್ಲಿಡಿಸಿ, ವರ್ಷಕ್ಕೊಮ್ಮೆ ಲೆಕ್ಕ ಪ್ರಕಟಿಸಬೇಕು.

ವೇಲ್ಸ್‌ನ ಅಬರ್‌ಫ್ಯಾನ್‌ನಲ್ಲಿ ಅಂಥ ಖಾತೆ ಇರಲಿಲ್ಲ. ಊರ ಮೇಲಿನ ಗುಡ್ಡದಲ್ಲಿ ಕಲ್ಲಿದ್ದಲು ಗಣಿಯ ಕಸ ಸುರಿಯುತ್ತಿದ್ದರು. 1958ರಲ್ಲಿ ಶುರುವಾದ ಏಳನೇ ರಾಶಿ ನಿಂತದ್ದು ಒರತೆಯೊಂದರ ಮೇಲೆ. ಆ ಒರತೆ ನಕ್ಷೆಗಳಲ್ಲೇ ಇತ್ತು. ಶಾಲೆಯ ಹಿಂದೆ ಸುರಿಯುತ್ತಿರುವ ಕೆಸರಿನಿಂದ ಅಪಾಯವಿದೆ ಎಂದು ಸ್ಥಳೀಯ ಆಡಳಿತದ ಎಂಜಿನಿಯರ್ 1963ರಲ್ಲೇ ಸರ್ಕಾರಿ ಕಲ್ಲಿದ್ದಲು ಮಂಡಳಿಗೆ ಕಾಗದ ಬರೆದಿದ್ದರು. 1966ರ ಅಕ್ಟೋಬರ್ 21ರ ಬೆಳಗ್ಗೆ 9:15ರ ಸುಮಾರಿಗೆ ರಾಶಿ ಜಾರಿ ಶಾಲೆಯ ಮೇಲೆ ಬಿತ್ತು. 116 ಮಕ್ಕಳು, 28 ಹಿರಿಯರು ಸತ್ತರು. ಉಳಿದ ರಾಶಿಗಳನ್ನು ತೆಗೆಯಿರಿ ಎಂದು ಊರವರು ಬೇಡಿದಾಗ, ಮೃತರ ಕುಟುಂಬಗಳಿಗೆಂದು ಜನ ಕೊಟ್ಟ ದೇಣಿಗೆಯಿಂದಲೇ 1968ರಲ್ಲಿ ಒಂದೂವರೆ ಲಕ್ಷ ಪೌಂಡನ್ನು ಅದರ ಖರ್ಚಿಗೆ ತೆಗೆದುಕೊಂಡರು. 1997ರಲ್ಲಿ ಸರ್ಕಾರ ಆ ಹಣವನ್ನು ಮರಳಿಸಿತು. ಯೋಜನಾ ವರದಿಗಳ ಶೇ. 7ರ ದರವನ್ನೇ ಇಲ್ಲಿಗೂ ಹಿಡಿದಿದ್ದರೆ ಅದು ಹತ್ತೂವರೆ ಲಕ್ಷ ದಾಟಬೇಕಿತ್ತು. ಕೊಟ್ಟದ್ದು ಒಂದೂವರೆ ಲಕ್ಷ, ಬಡ್ಡಿ ಇಲ್ಲದೆ. ಇಪ್ಪತ್ತು ಲಕ್ಷ ಪೌಂಡ್ ಕೊಟ್ಟು ವೇಲ್ಸ್ ಸರ್ಕಾರ ಆ ಕೊರತೆ ತುಂಬಿಕೊಟ್ಟದ್ದು 2007ರಲ್ಲಿ. ಸತ್ತ ಮಕ್ಕಳಲ್ಲಿ ಬಹುತೇಕರಿಗೆ ಏಳರಿಂದ ಹತ್ತು ವರ್ಷ ವಯಸ್ಸಾಗಿತ್ತು. ಬದುಕಿದ್ದರೆ 2007ಕ್ಕೆ ಐವತ್ತರ ಆಸುಪಾಸಿನಲ್ಲಿರುತ್ತಿದ್ದರು.